ಮೂಲೆಯಿಂದ ಆಸ್ಪತ್ರೆಗೆ: ಮುಟ್ಟು ನಿಲ್ಲುವ ಕಾಲವೂ ಬೆಂಗಳೂರು ದಂಡಿನ ಸ್ತ್ರೀ ವೈದ್ಯಾಲಯಗಳೂ

ಹೆಣ್ಣುಮಗಳು ಮೈನೆರೆದಾಗ ನಮ್ಮ ಮನೆಗಳಲ್ಲಿ ಆರತಿ ಎತ್ತುತ್ತಾರೆ. ಬಸುರಿಯಾದಾಗ ಕುಬಸ ಮಾಡುತ್ತಾರೆ. ಹೆತ್ತಾಗ ತವರು ಮನೆ ಬಾಣಂತನಕ್ಕೆ ನಿಲ್ಲುತ್ತದೆ. ಅದೇ ಹೆಣ್ಣಿಗೆ ನಲವತ್ತು ದಾಟಿ, ತಿಂಗಳ ಲೆಕ್ಕ ತಪ್ಪಿ, ಒಮ್ಮೆ ಹದಿನೈದು ದಿನಕ್ಕೇ ಸ್ರಾವ ಕಾಣಿಸಿ, ಇನ್ನೊಮ್ಮೆ ಮೂರು ತಿಂಗಳಾದರೂ ಕಾಣದೆ, ಕಂಡಾಗ ಹತ್ತು ದಿನವಾದರೂ ನಿಲ್ಲದೆ ದೇಹ ಸೊರಗತೊಡಗಿದರೆ, ಆ ಕಾಲಕ್ಕೆ ಯಾವ ಶಾಸ್ತ್ರವೂ ಇಲ್ಲ, ಯಾವ ಹಾಡೂ ಇಲ್ಲ, ಕೇಳುವವರೂ ವಿರಳ. ‘ವಯಸ್ಸಾಯಿತು, ಇನ್ನು ನಿಲ್ಲುತ್ತದೆ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವುದು ವಾಡಿಕೆ. ಈ ಮಾತು ಬಹುಪಾಲು ಸಂದರ್ಭಗಳಲ್ಲಿ ನಿಜವೇ ಆಗಿರುತ್ತದೆ. ನಿಜವಲ್ಲದ ಸಂದರ್ಭಗಳಲ್ಲಿ ಮಾತ್ರ ಅದು ಪ್ರಾಣಕ್ಕೆ ಎರವಾಗುತ್ತದೆ.

ಇಂಥ ವಿಷಯವನ್ನು ಧಾರ್ಮಿಕ ಪತ್ರಿಕೆಯ ಪುಟಗಳಲ್ಲಿ ಎತ್ತುವುದು ಉಚಿತವೇ ಎಂಬ ಸಂದೇಹ ಕೆಲವು ವಾಚಕರಿಗೆ ಬರಬಹುದು. ಹೇಳಲು ನಾಚಬೇಕಾದ ಸಂಗತಿ ಇದು ಎಂಬ ಭಾವನೆಯೇ ಶತಮಾನಗಳಿಂದ ಸ್ತ್ರೀಯರ ಆರೋಗ್ಯಕ್ಕೆ ಅಡ್ಡವಾಗಿ ನಿಂತಿರುವುದರಿಂದ, ಆ ಅಡ್ಡಗೋಡೆ ಎಲ್ಲಿ ಎಷ್ಟು ಕುಸಿಯಿತು, ಎಲ್ಲಿ ಇನ್ನೂ ಉಳಿದಿದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಅವಶ್ಯವಾಗಿದೆ. ಅದಕ್ಕೆ ತಕ್ಕ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನ ಪೂರ್ವಭಾಗದಲ್ಲಿ, ಜನರು ಇಂದಿಗೂ ‘ದಂಡು’ ಎಂದು ಕರೆಯುವ ಪ್ರದೇಶದಲ್ಲಿ, ಸ್ತ್ರೀಯರಿಗಾಗಿಯೇ ಕಟ್ಟಿದ ಆಸ್ಪತ್ರೆಗಳ ಕಥೆಯೇ ಆ ನಿದರ್ಶನ.

ಮೊದಲು ಪ್ರಾಚೀನರ ತಿಳಿವಳಿಕೆಯನ್ನು ಗಮನಿಸೋಣ. ರಜಸ್ಸು ಹನ್ನೆರಡು ವರ್ಷದ ಅನಂತರ ಮೊದಲಾಗಿ, ಮುಪ್ಪಿನಿಂದ ದೇಹ ಪಕ್ವವಾದ ಮೇಲೆ ಐವತ್ತರ ಹೊತ್ತಿಗೆ ಕ್ಷಯವಾಗುತ್ತದೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಮಿತಿಮೀರಿ ಅಥವಾ ಅಕಾಲದಲ್ಲಿ ಹರಿಯುವ ರಕ್ತಕ್ಕೆ ಆಯುರ್ವೇದವು ಅಸೃಗ್ದರ, ಪ್ರದರ ಎಂದು ಹೆಸರಿಟ್ಟಿತು. ಚರಕ ಸಂಹಿತೆಯ ಚಿಕಿತ್ಸಾಸ್ಥಾನವು ಇದನ್ನು ದೋಷಭೇದಕ್ಕೆ ಅನುಸಾರವಾಗಿ ವಿಂಗಡಿಸಿ ವಿವರಿಸಿತು. ನಮ್ಮ ಹಳ್ಳಿಗಳಲ್ಲಿ ‘ಕೆಂಪು ಸೆರಗು’ ಎಂಬ ಮಾತು ಈ ರೋಗಕ್ಕೇ ಇದೆ. ಅಶೋಕದ ತೊಗಟೆಯ ಕಷಾಯ ಅದಕ್ಕೆ ಹಳೆಯ ಮದ್ದು. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದು ವೈದ್ಯವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಂಥವರು ಇದ್ದರು. ಆದ್ದರಿಂದ ನಮ್ಮ ನಾಡಿನಲ್ಲಿ ತಿಳಿವಳಿಕೆಯೇ ಇರಲಿಲ್ಲವೆನ್ನುವಂತಿಲ್ಲ.

ಕೊರತೆಯಿದ್ದುದು ಬೇರೆ ಕಡೆ. ಗ್ರಂಥವನ್ನು ಬಲ್ಲ ವೈದ್ಯನು ಪುರುಷ, ರೋಗಿಯು ಸ್ತ್ರೀ. ಆಕೆ ತನ್ನ ಬಾಧೆಯನ್ನು ಅವನೆದುರು ಹೇಳಿಕೊಳ್ಳಲಾರಳು. ಅವನು ಆಕೆಯ ದೇಹವನ್ನು ಪರೀಕ್ಷಿಸಲಾರನು. ಗಂಡನೋ ಮಗನೋ ಮಧ್ಯೆ ನಿಂತು ಹೇಳಿದ ಅರ್ಧಂಬರ್ಧ ಲಕ್ಷಣಗಳ ಮೇಲೆ ಮದ್ದು ಕೊಡಬೇಕಾಗುತ್ತಿತ್ತು. ನಿಸ್ಸಂಕೋಚವಾಗಿ ಹತ್ತಿರ ಬರಬಲ್ಲವಳು ಸೂಲಗಿತ್ತಿಯೊಬ್ಬಳೇ. ಅವಳ ಅನುಭವ ದೊಡ್ಡದಾದರೂ ಅದು ಹೆರಿಗೆಗೆ ಸಂಬಂಧಿಸಿದ್ದು. ಹೆರಿಗೆಯ ವಯಸ್ಸು ಮುಗಿದವಳ ಬೇನೆ ಹೀಗೆ ವೈದ್ಯನಿಗೂ ಎಟುಕದೆ, ಸೂಲಗಿತ್ತಿಗೂ ತಿಳಿಯದೆ ನಡುವೆ ಉಳಿಯಿತು.

ಇದರ ಮೇಲೆ ಸೂತಕದ ಕಟ್ಟುಪಾಡು. ‘ಮುಟ್ಟು’ ಎಂಬ ಪದವೇ ಸ್ಪರ್ಶವನ್ನು ಸೂಚಿಸುವಂಥದು. ಆ ದಿನಗಳಲ್ಲಿ ಆಕೆಯನ್ನು ಮುಟ್ಟಬಾರದೆಂಬ ರೂಢಿಯೇ ದೇಹಧರ್ಮದ ಹೆಸರಾಗಿ ನಿಂತಿತು. ‘ಹೊರಗಾಗುವುದು’, ‘ದೂರ ಕೂರುವುದು’ ಎಂಬ ಮಾತುಗಳೂ ಅಂಥವೇ. ಹನ್ನೆರಡನೆಯ ಶತಮಾನದ ಶರಣರು ಈ ವಿಷಯದಲ್ಲಿ ತಳೆದ ನಿಲುವು ಸದ್ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಅವರು ತಳ್ಳಿಹಾಕಿದರು. ಇಷ್ಟಲಿಂಗವು ಅಂಗದ ಮೇಲಿರುವಾಗ ಆ ಅಂಗಕ್ಕೆ ಮೈಲಿಗೆಯೆಂಬುದು ಇಲ್ಲವೆಂದೂ, ಋತುಮತಿಯಾದ ಸ್ತ್ರೀಯು ಲಿಂಗಪೂಜೆಯನ್ನು ಬಿಡಬೇಕಾಗಿಲ್ಲವೆಂದೂ ಸಾರಿದರು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಜನಾಂಗಗಳ ವರ್ಣನೆಗಳನ್ನು ಬರೆದ ಅಧಿಕಾರಿಗಳೂ ಲಿಂಗವಂತರಲ್ಲಿ ರಜಸ್ಸೂತಕಕ್ಕೆ ಶಾಸ್ತ್ರಸಮ್ಮತಿ ಇಲ್ಲದಿರುವುದನ್ನು ವಿಶೇಷವೆಂದು ಗುರುತಿಸಿದ್ದಾರೆ. ಆದರೆ ತತ್ತ್ವವು ಮನೆಯ ಹೊಸ್ತಿಲನ್ನು ದಾಟುವಾಗ ಎಷ್ಟೋ ಸಲ ಬಡವಾಗುತ್ತದೆ. ಸೂತಕವಿಲ್ಲವೆಂದು ಒಪ್ಪಿದ ಮನೆಗಳಲ್ಲಿಯೂ ಸಂಕೋಚ ಉಳಿಯಿತು. ಪೂಜೆಗೆ ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಬೇನೆಯನ್ನು ಹೇಳಿಕೊಳ್ಳಲು ಬಾಯಿ ಬಂದಂತಾಗಲಿಲ್ಲ. ಹೇಳಿಕೊಂಡರೂ ಹೋಗಬೇಕಾದ ಸ್ಥಳ ಯಾವುದು ಎಂಬ ಪ್ರಶ್ನೆ ಹಾಗೆಯೇ ಇತ್ತು. ಆ ಪ್ರಶ್ನೆಗೆ ಉತ್ತರ ದೊರೆಯತೊಡಗಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ ಅಲ್ಲಿನ ಜ್ವರದ ಹಾವಳಿಯನ್ನು ತಾಳಲಾರದೆ ಬೆಂಗಳೂರಿಗೆ ಬಂದು, ೧೮೦೯ರಲ್ಲಿ ಹಲಸೂರಿನ ಸುತ್ತ ಬೀಡುಬಿಟ್ಟಿತು. ಅದೇ ‘ದಂಡು’. ಸೋಮೇಶ್ವರ ದೇವಾಲಯದ ಪ್ರಾಚೀನ ಗ್ರಾಮವಾದ ಹಲಸೂರಿನ ಕನ್ನಡ ಮನೆತನಗಳು, ತೋಟ ಮಾಡುತ್ತಿದ್ದ ತಿಗಳರು, ಸೇನೆಯ ಹಿಂದೆಯೇ ಬಂದ ತಮಿಳು ವರ್ತಕರು ಮತ್ತು ಕೂಲಿಕಾರರು, ದಖನಿ ಮಾತನಾಡುವ ಮುಸಲ್ಮಾನರು, ಆಂಗ್ಲೋ-ಇಂಡಿಯನ್ನರು, ಹೀಗೆ ನಾನಾ ಜನ ಅಲ್ಲಿ ಒಟ್ಟಾದರು. ಇಂದಿನ ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ಕೈಗೆ ಮರಳಿದಾಗಲೂ ದಂಡಿನ ಪ್ರದೇಶ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, ೧೯೪೭ರಲ್ಲಿ ಮಾತ್ರ ಮೈಸೂರಿಗೆ ಸೇರಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಅಡಿಗೆ ಬಂದವು.

೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮೀಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ ೧೮೬೮ರಲ್ಲಿ ಇಲ್ಲಿ ಸಿದ್ಧವಾಯಿತು. ಪ್ಯಾರಿಸ್ ನಗರದ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ, ಗಾಳಿ ಬೆಳಕುಗಳು ಧಾರಾಳವಾಗಿ ಆಡುವಂತೆ ಅದನ್ನು ಕಟ್ಟಲಾಗಿತ್ತು. ಕಟ್ಟಡ ಭವ್ಯವಾಗಿತ್ತು; ಆದರೆ ಕುಲವಂತ ಮನೆತನದ ಸ್ತ್ರೀಯರು ಅಂಥ ಸಾರ್ವಜನಿಕ ಆಸ್ಪತ್ರೆಯ ಬಾಗಿಲು ತುಳಿಯುವುದು ಸುಲಭವಿರಲಿಲ್ಲ. ಅದಕ್ಕೆ ಪುರುಷ ವೈದ್ಯರಿದ್ದುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳದೆ ಬಿಡುವಂತಿಲ್ಲ. ಸೈನಿಕರಿಗೆ ಗುಹ್ಯರೋಗಗಳು ಹರಡದಂತೆ ತಡೆಯುವ ನೆಪದಲ್ಲಿ ಭಾರತದ ದಂಡುಪ್ರದೇಶಗಳಲ್ಲಿ ‘ಲಾಕ್ ಆಸ್ಪತ್ರೆ’ಗಳೆಂಬುವನ್ನು ನಡೆಸಲಾಗುತ್ತಿತ್ತು. ೧೮೬೮ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ವೇಶ್ಯೆಯರೆಂದು ಹೆಸರು ದಾಖಲಾದ ಬಡಸ್ತ್ರೀಯರನ್ನು ಬಲವಂತವಾಗಿ ಪರೀಕ್ಷಿಸಲಾಗುತ್ತಿತ್ತು. ಆ ಕಾಯಿದೆ ೧೮೮೮ರಲ್ಲಿ ರದ್ದಾಯಿತು. ಆದರೆ ವೈದ್ಯನು ಸ್ತ್ರೀಯ ದೇಹವನ್ನು ಪರೀಕ್ಷಿಸುವುದೆಂದರೆ ಅವಮಾನವೆಂಬ ಭಾವನೆ ಇಂಥ ವ್ಯವಸ್ಥೆಯಿಂದ ಇನ್ನಷ್ಟು ಬಲಗೊಂಡಿದ್ದರೆ ಆಶ್ಚರ್ಯವಿಲ್ಲ.

ಈ ಸ್ಥಿತಿ ಬದಲಾಗಲು ಸ್ತ್ರೀಯರೇ ವೈದ್ಯರಾಗಬೇಕಾಯಿತು. ಮೇರಿ ಶಾರ್ಲೀಬ್ ಎಂಬ ಆಂಗ್ಲ ಮಹಿಳೆ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ೧೮೭೮ರಲ್ಲಿ ತೇರ್ಗಡೆಯಾದರು. ೧೮೮೧ರಲ್ಲಿ ಪನ್ನಾ ಸಂಸ್ಥಾನದ ಮಹಾರಾಣಿಯವರು, ತಮಗೆ ಚಿಕಿತ್ಸೆ ನೀಡಿದ ಎಲಿಜಬೆತ್ ಬೀಲ್ಬಿ ಎಂಬ ಮಹಿಳೆಯ ಮೂಲಕ, ಹಿಂದುಸ್ಥಾನದ ಸ್ತ್ರೀಯರು ರೋಗ ಬಂದಾಗ ಪಡುವ ಸಂಕಟವನ್ನು ವಿಕ್ಟೋರಿಯಾ ರಾಣಿಗೆ ತಿಳಿಸುವಂತೆ ಸಂದೇಶ ಕಳುಹಿಸಿದರು. ೧೮೮೫ರಲ್ಲಿ ವೈಸರಾಯ್ ಪತ್ನಿ ಲೇಡಿ ಡಫರಿನ್ ಅವರು ಭಾರತದ ಸ್ತ್ರೀಯರಿಗೆ ಸ್ತ್ರೀ ವೈದ್ಯರ ನೆರವು ಒದಗಿಸುವ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಮದರಾಸಿನಲ್ಲಿ ಶಾರ್ಲೀಬ್ ಅವರ ಪ್ರಯತ್ನದಿಂದ ‘ಜಾತಿವಂತ ಮತ್ತು ಗೋಷಾ ಸ್ತ್ರೀಯರ ಆಸ್ಪತ್ರೆ’ ಎಂಬ ಹೆಸರಿನಲ್ಲಿಯೇ ಒಂದು ಸಂಸ್ಥೆ ಮೊದಲಾಯಿತು. ಪುರುಷರ ಆಸ್ಪತ್ರೆಗೆ ಬಾರದ ಸ್ತ್ರೀಯರಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂಬುದನ್ನು ಆ ಹೆಸರೇ ಒಪ್ಪಿಕೊಂಡಿತ್ತು.

ಬೆಂಗಳೂರಿಗೂ ಈ ಗಾಳಿ ಬೀಸಿತು. ೧೮೮೬ರಲ್ಲಿ ದಂಡಿಗೂ ಪೇಟೆಗೂ ನಡುವೆ ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದರು. ಆ ಶತಮಾನದ ಕೊನೆಯ ದಶಕದಲ್ಲಿ ದಂಡಿನಲ್ಲಿ ಜೆನಾನಾ ಮಿಷನ್ ಆಸ್ಪತ್ರೆ ಕೆಲಸ ಮಾಡತೊಡಗಿತು. ಜೆನಾನಾ ಎಂದರೆ ಅಂತಃಪುರ. ೧೮೯೮ರಲ್ಲಿ ಪ್ಲೇಗು ಬಂದಾಗ ಮನೆಮನೆಯ ಶೋಧನೆ, ಪ್ರತ್ಯೇಕ ಶಿಬಿರ ಮೊದಲಾದ ಕ್ರಮಗಳು ಜಾರಿಗೆ ಬಂದವು. ಸ್ತ್ರೀಯರ ಪರೀಕ್ಷೆಗೆ ಸ್ತ್ರೀ ವೈದ್ಯರೇ ಇರಬೇಕೆಂಬ ಮಾತು ದೇಶದ ಎಲ್ಲೆಡೆ ಕೇಳಿಬಂದುದು ಇದೇ ಕಾಲದಲ್ಲಿ. ಮುಂದೆ ಬೌರಿಂಗ್ ಆಸ್ಪತ್ರೆಗೆ ಹೊಂದಿಕೊಂಡಂತೆ ಸ್ತ್ರೀಯರ ವಿಭಾಗವು ಲೇಡಿ ಕರ್ಜನ್ ಅವರ ಹೆಸರಿನಲ್ಲಿ ಬೆಳೆಯಿತು. ಅವರ ಪತಿ ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದುದು ೧೮೯೯ರಿಂದ ೧೯೦೫ರವರೆಗೆ. ಇಂದಿಗೂ ಆ ಸಂಸ್ಥೆಯು ‘ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ’ ಎಂಬ ಜೋಡು ಹೆಸರನ್ನೇ ಧರಿಸಿದೆ. ಮೊದಲಿನ ಆಸ್ಪತ್ರೆ ಸ್ತ್ರೀಯರಿಗೆ ಸಾಲದೆ ಹೋದುದರ ಗುರುತು ಆ ಎರಡನೆಯ ಹೆಸರು.

ಈ ಸಾಲಿನಲ್ಲಿ ವಿಶೇಷವಾಗಿ ಸ್ಮರಿಸಬೇಕಾದುದು ಶಿವಾಜಿನಗರದ ಗೋಷಾ ಆಸ್ಪತ್ರೆ. ಕಚ್ಛಿ ಮೇಮನ್ ಸಮುದಾಯದ ವರ್ತಕರೂ ಮಹಾದಾನಿಗಳೂ ಆಗಿದ್ದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರು (೧೮೫೯-೧೯೩೪) ೧೯೨೫ರ ಸುಮಾರಿಗೆ ಇದನ್ನು ಕಟ್ಟಿಸಿಕೊಟ್ಟರು. ಫ್ರೇಜರ್ ಟೌನಿನಲ್ಲಿ ಅವರ ಹೆಸರಿನ ಮಸೀದಿಯೂ ಇದೆ. ‘ಗೋಷಾ’ ಎಂಬುದು ಪಾರಸಿ ಭಾಷೆಯ ಮಾತು. ಅದರ ಅರ್ಥ ‘ಮೂಲೆ’ ಎಂದು. ಮೂಲೆಯಲ್ಲಿ ಕುಳಿತವಳು, ಅಂದರೆ ಪರಪುರುಷರ ಕಣ್ಣಿಗೆ ಬೀಳದೆ ಪರದೆಯೊಳಗಿರುವವಳು, ಗೋಷಾ ಸ್ತ್ರೀ. ಮೂಲೆಯಲ್ಲಿ ಕುಳಿತವಳನ್ನು ಹೊರಗೆ ಬಾರೆಂದು ಕರೆಯದೆ, ಆಸ್ಪತ್ರೆಯನ್ನೇ ಆಕೆಯ ಮೂಲೆಗೆ ತಂದು ಕಟ್ಟಿದ ಉದಾರ ವಿವೇಕ ಆ ಮಹನೀಯರದು. ಪರದೆಯ ಪದ್ಧತಿಯ ಬಗ್ಗೆ ಯಾರು ಏನೇ ಅಭಿಪ್ರಾಯವಿಟ್ಟುಕೊಂಡಿರಲಿ, ಪದ್ಧತಿ ಹೋಗುವವರೆಗೂ ರೋಗಿ ಕಾಯಲಾರಳೆಂಬುದನ್ನು ಅವರು ಅರಿತಿದ್ದರು. ಒಬ್ಬ ಶ್ರದ್ಧಾವಂತ ಮುಸಲ್ಮಾನರು ಕಟ್ಟಿದ ಆ ಆಸ್ಪತ್ರೆ ಇಂದು ಸರ್ಕಾರದ ಆಸ್ಪತ್ರೆಯಾಗಿ ಎಲ್ಲ ಮತದ ಸ್ತ್ರೀಯರಿಗೂ ಆಶ್ರಯವಾಗಿದೆ. ಪೇಟೆಯ ಕಡೆ ೧೯೩೫ರಲ್ಲಿ ವಾಣಿವಿಲಾಸ ಆಸ್ಪತ್ರೆಯು ಸ್ತ್ರೀಯರಿಗಾಗಿ ಮತ್ತು ಮಕ್ಕಳಿಗಾಗಿ ತೆರೆಯಿತು.

ಈ ಸಂಸ್ಥೆಗಳ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಇತಿಹಾಸವನ್ನು ಬರೆಯುವಾಗ ಒಂದು ಸಂಗತಿಯನ್ನು ಮರೆಯಲಾಗದು. ಇವೆಲ್ಲವೂ ಮುಖ್ಯವಾಗಿ ಹೆರಿಗೆಯ ಆಸ್ಪತ್ರೆಗಳಾಗಿ ಬೆಳೆದವು. ಬಾಣಂತಿಯರೂ ಹಸುಗೂಸುಗಳೂ ಗುಂಪುಗುಂಪಾಗಿ ಸಾಯುತ್ತಿದ್ದ ಆ ಕಾಲದಲ್ಲಿ ಅದು ಸಹಜವೂ ನ್ಯಾಯವೂ ಆಗಿತ್ತು. ಸ್ವಾತಂತ್ರ್ಯಾನಂತರ ಸರ್ಕಾರದ ಯೋಜನೆಗಳೂ ತಾಯಿ ಮತ್ತು ಮಗು, ಕುಟುಂಬ ಯೋಜನೆ ಎಂಬ ಎರಡು ಹಳಿಗಳ ಮೇಲೆಯೇ ಓಡಿದವು. ಹೀಗೆ ಆಸ್ಪತ್ರೆಯ ಬಾಗಿಲು ಸ್ತ್ರೀಗೆ ತೆರೆದುದು ತಾಯಿಯಾಗುವವಳೆಂಬ ಕಾರಣದಿಂದ. ತಾಯ್ತನದ ವಯಸ್ಸು ಕಳೆದು, ನಲವತ್ತೈದರಲ್ಲಿ ರಕ್ತಸ್ರಾವದಿಂದ ಬಳಲುವವಳು ಆ ಸಾಲಿನ ಕೊನೆಯಲ್ಲಿ ನಿಂತಳು. ಗರ್ಭಿಣಿಯರ ಮಧ್ಯೆ ಕುಳಿತುಕೊಳ್ಳಲು ನಾಚಿ ಹಿಂದಿರುಗಿದವರೂ ಇದ್ದಾರು. ಹೆರಿಗೆ ಆಸ್ಪತ್ರೆ ಎಂಬ ಫಲಕವನ್ನು ಓದಿದ ಅಜ್ಜಿಯೊಬ್ಬಳು ‘ಇದು ನನಗಲ್ಲ’ ಎಂದು ತಿಳಿದರೆ ಆಕೆಯ ತಪ್ಪೇನು?

ಇತ್ತ ಪಾಶ್ಚಾತ್ಯ ವೈದ್ಯವೂ ಈ ವಿಷಯದಲ್ಲಿ ಬಹುಕಾಲ ತಡವರಿಸಿತು. ಫ್ರಾನ್ಸಿನ ವೈದ್ಯ ಗಾರ್ದಾನ್ ಎಂಬುವನು ೧೮೧೬ರಲ್ಲಿ ಮುಟ್ಟು ನಿಲ್ಲುವುದಕ್ಕೆ ಗ್ರೀಕ್ ಮೂಲದ ಹೊಸ ಹೆಸರೊಂದನ್ನು ಕಟ್ಟಿ, ೧೮೨೧ರಲ್ಲಿ ಅದನ್ನು ‘ಮೆನೋಪಾಸ್’ ಎಂದು ಚಿಕ್ಕದು ಮಾಡಿದನು. ೧೮೫೭ರಲ್ಲಿ ಲಂಡನ್ನಿನ ಎಡ್ವರ್ಡ್ ಟಿಲ್ಟ್ ಈ ಕಾಲದ ಬಗ್ಗೆಯೇ ಒಂದು ಪುಸ್ತಕ ಬರೆದನು. ಹೊರಹೋಗಬೇಕಾದ ರಕ್ತ ಒಳಗೇ ನಿಂತು ರೋಗ ತರುತ್ತದೆಂಬ ಹಳೆಯ ನಂಬಿಕೆ ಆಗಿನ್ನೂ ಮಾಸಿರಲಿಲ್ಲ; ಅದಕ್ಕಾಗಿ ಜಿಗಣೆ ಹಚ್ಚಿ ರಕ್ತ ತೆಗೆಯುವುದೂ ಇತ್ತು. ನಿಜವಾದ ಕಾರಣ ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. ೧೯೨೯ರಲ್ಲಿ ಅಮೆರಿಕದ ಡಾಯ್ಸಿ ಮತ್ತು ಜರ್ಮನಿಯ ಬ್ಯುಟೆನಾಂಟ್ ಅವರು ಬೇರೆ ಬೇರೆಯಾಗಿ ಈಸ್ಟ್ರೋಜನ್ ವರ್ಗದ ರಸದೂತವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ೧೯೩೪ರಲ್ಲಿ ಪ್ರೊಜೆಸ್ಟರಾನ್ ದೊರೆಯಿತು.

ಈ ಎರಡು ರಸದೂತಗಳ ಕೆಲಸವನ್ನು ಅರಿತರೆ ಅನಿಯಮಿತ ಸ್ರಾವದ ಮರ್ಮ ತಿಳಿಯುತ್ತದೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡಾಶಯದಿಂದ ಅಂಡ ಬಿಡುಗಡೆಯಾದ ಮೇಲೆ ಹುಟ್ಟುವ ಪ್ರೊಜೆಸ್ಟರಾನ್ ಆ ಪದರವನ್ನು ಹದಗೊಳಿಸಿ ನಿಲ್ಲಿಸುತ್ತದೆ; ಅದರ ಪ್ರಮಾಣ ಇಳಿದಾಗ ಪದರ ಕಳಚಿ ಸ್ರಾವವಾಗುತ್ತದೆ. ನಲವತ್ತರ ಅನಂತರ ಕೆಲವು ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಆಗ ಪ್ರೊಜೆಸ್ಟರಾನಿನ ಅಂಕೆಯಿಲ್ಲದೆ ಪದರ ದಪ್ಪವಾಗುತ್ತಾ ಹೋಗಿ, ಕೊನೆಗೆ ಹೊತ್ತುಗೊತ್ತಿಲ್ಲದೆ, ಅಳತೆಯಿಲ್ಲದೆ ಕಳಚಿಕೊಳ್ಳುತ್ತದೆ. ಕೆರೆಯ ತೂಬು ಕಟ್ಟಿದಾಗ ನೀರು ಏರಿಯ ಮೇಲೆ ಹರಿದಂತೆ ಇದು. ಇದರ ಜೊತೆಗೆ ಇದ್ದಕ್ಕಿದ್ದಂತೆ ಮೈಗೆ ಬಿಸಿ ಏರುವುದು, ರಾತ್ರಿ ಬೆವರುವುದು, ನಿದ್ರೆ ಕೆಡುವುದು, ಮನಸ್ಸು ಕಾರಣವಿಲ್ಲದೆ ಕುಗ್ಗುವುದು ಕಾಣಿಸಬಹುದು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ನಿರ್ಧರಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ ೫೧ರ ವಯಸ್ಸಿಗೆ ಆಗುವುದಾದರೆ ಭಾರತದಲ್ಲಿ ೪೬-೪೭ರ ಹೊತ್ತಿಗೇ ಆಗುತ್ತದೆ. ನಲವತ್ತು ತುಂಬುವ ಮೊದಲೇ ನಿಂತರೆ ಅದು ಅಕಾಲಿಕ. ಅದಕ್ಕೆ ವೈದ್ಯರ ಸಲಹೆ ಅಗತ್ಯ.

ಇಷ್ಟರಿಂದ ಎಲ್ಲ ಅನಿಯಮಿತ ಸ್ರಾವವೂ ವಯಸ್ಸಿನದೇ ಎಂದು ತೀರ್ಮಾನಿಸಲಾಗದು. ಗರ್ಭಕೋಶದ ಗಡ್ಡೆ, ಒಳಪದರದಲ್ಲಿ ಬೆಳೆದ ದುರ್ಮಾಂಸ, ಥೈರಾಯ್ಡ್ ಗ್ರಂಥಿಯ ದೋಷ, ಗರ್ಭಕೋಶದ ಕೊರಳಿನ ಅಥವಾ ಒಳಪದರದ ಕ್ಯಾನ್ಸರ್ ಇವೂ ಇದೇ ವೇಷದಲ್ಲಿ ಬರುತ್ತವೆ. ಮುಟ್ಟು ಇಪ್ಪತ್ತೊಂದು ದಿನಕ್ಕಿಂತ ಬೇಗ ಬೇಗ ಬರುವುದು, ಎಂಟು ದಿನ ಮೀರುವುದು, ಗಂಟೆಗೊಂದರಂತೆ ಬಟ್ಟೆ ಬದಲಿಸಬೇಕಾಗುವುದು, ಮುಟ್ಟುಗಳ ನಡುವೆ ಅಥವಾ ದಾಂಪತ್ಯ ಸಂಪರ್ಕದ ಅನಂತರ ರಕ್ತ ಕಾಣುವುದು, ಇವು ಪರೀಕ್ಷೆಯನ್ನು ಬೇಡುವ ಲಕ್ಷಣಗಳು. ಎಲ್ಲಕ್ಕಿಂತ ಮುಖ್ಯವಾದುದು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ಕಾಣುವ ರಕ್ತ. ‘ಹೋದದ್ದು ಮರಳಿ ಬಂತು’ ಎಂದು ಅದನ್ನು ಹಗುರವಾಗಿ ಕಾಣಬಾರದು. ಹಾಗೆ ರಕ್ತ ಕಂಡ ಹತ್ತು ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ ಒಂಬತ್ತು ಮಂದಿಗೆ ಬಹುಮಟ್ಟಿಗೆ ಸಾಮಾನ್ಯ ಕಾರಣವೇ ಇದ್ದರೂ, ಆ ಒಬ್ಬರು ಯಾರೆಂಬುದು ಪರೀಕ್ಷೆಯಿಲ್ಲದೆ ತಿಳಿಯದು. ಬೇಗ ಗುರುತಿಸಿದರೆ ಈ ರೋಗ ಬಹುಪಾಲು ಗುಣವಾಗುವಂಥದು ಎಂಬುದೇ ಹೇಳದಿರುವ ಸಂಕೋಚವನ್ನು ಇನ್ನಷ್ಟು ದುಬಾರಿಯಾಗಿಸುತ್ತದೆ.

ಬೆಂಗಳೂರಿಗೆ ಈ ಅರಿವು ಬರಲು ಕಾಲ ಹಿಡಿಯಿತು. ಗರ್ಭಕೋಶದ ಕೊರಳಿನ ಜೀವಕೋಶಗಳನ್ನು ಪರೀಕ್ಷಿಸಿ ಕ್ಯಾನ್ಸರನ್ನು ಮುಂಚೆಯೇ ಕಂಡುಹಿಡಿಯುವ ವಿಧಾನವನ್ನು ಪಾಪನಿಕೊಲಾವ್ ಅವರು ೧೯೪೩ರ ಗ್ರಂಥದಲ್ಲಿ ವಿವರಿಸಿದರು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು, ತಮ್ಮ ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ನೋವಿನಿಂದ ಪ್ರೇರಿತರಾಗಿ, ೧೯೫೪ರಲ್ಲಿ ಅಡಿಯಾರಿನ ಕ್ಯಾನ್ಸರ್ ಸಂಸ್ಥೆಯನ್ನು ತೆರೆದರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ೧೯೭೩ರಲ್ಲಿ ಸ್ಥಾಪನೆಯಾಯಿತು. ೧೯೮೨ರಿಂದ ನಗರದ ಕ್ಯಾನ್ಸರ್ ರೋಗಿಗಳ ಕ್ರಮಬದ್ಧ ದಾಖಲೆ ಇಡತೊಡಗಿದಾಗ, ಆರಂಭದ ವರ್ಷಗಳಲ್ಲಿ ಸ್ತ್ರೀಯರ ಕ್ಯಾನ್ಸರುಗಳಲ್ಲಿ ಗರ್ಭಕೋಶದ ಕೊರಳಿನದೇ ಮೊದಲ ಸ್ಥಾನದಲ್ಲಿತ್ತು. ಅನಂತರದ ವರ್ಷಗಳಲ್ಲಿ ಅದು ಇಳಿಯುತ್ತಾ ಬಂದು ಸ್ತನದ ಕ್ಯಾನ್ಸರ್ ಮುಂದಾಯಿತು. ಇಳಿದಿದೆಯೆಂಬುದು ಸಮಾಧಾನ, ಆದರೂ ತಡೆಯಬಹುದಾದ ರೋಗದಿಂದ ಸ್ತ್ರೀಯರು ಸಾಯುತ್ತಿರುವುದು ನಿಂತಿಲ್ಲ.

ಕ್ಯಾನ್ಸರ್ ಇಲ್ಲದಿದ್ದರೂ ಅತಿಸ್ರಾವ ನಿರುಪದ್ರವಿಯಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲೇ ಬಡವಾದ ರಕ್ತವು ತಿಂಗಳಿಗೆ ಹತ್ತು ದಿನ ಹರಿದುಹೋದರೆ ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಡವಡವ, ಕಾಲಿನ ಬಾವು ಕಾಣಿಸಿಕೊಳ್ಳುತ್ತವೆ. ಮನೆಯವರು ಇದನ್ನು ಸೋಮಾರಿತನವೆಂದು ಅಪಾರ್ಥ ಮಾಡಿಕೊಳ್ಳುವುದೂ ಉಂಟು.

ಮೌನದ ಅಪಾಯ ಇದಾದರೆ ಆತುರದ ಅಪಾಯ ಮತ್ತೊಂದು. ಇತ್ತೀಚಿನ ದಶಕಗಳಲ್ಲಿ, ಸ್ರಾವ ಹೆಚ್ಚೆಂದ ಕೂಡಲೇ ಗರ್ಭಕೋಶವನ್ನು ತೆಗೆಸಿಬಿಡುವ ಪ್ರವೃತ್ತಿ ಬೆಳೆಯಿತು. ‘ಮಕ್ಕಳಾದವಲ್ಲ, ಇನ್ನು ಅದೇಕೆ?’ ಎಂಬ ಮಾತು ವೈದ್ಯರಿಂದಲೂ ಮನೆಯವರಿಂದಲೂ ಕೇಳಿಬರುತ್ತದೆ. ೨೦೧೫ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ದಲಿತ ಮತ್ತು ಲಂಬಾಣಿ ಸಮುದಾಯದ ಅನೇಕ ಬಡಸ್ತ್ರೀಯರಿಗೆ ಅನಾವಶ್ಯಕವಾಗಿ ಈ ಶಸ್ತ್ರಚಿಕಿತ್ಸೆ ನಡೆದ ಆರೋಪದ ಮೇಲೆ ಸರ್ಕಾರದ ವಿಚಾರಣೆಯಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಯುವತಿಯರೂ ಗರ್ಭಕೋಶ ಕಳೆದುಕೊಂಡು ಬಂದಿದ್ದರು. ೨೦೨೩ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಗರ್ಭಕೋಶದೊಡನೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಋತುಬಂಧ ಒಮ್ಮೆಲೇ ಬಂದೆರಗುತ್ತದೆ. ಎಲುಬು ಸವೆಯುವುದು ಬೇಗ ಆರಂಭವಾಗುತ್ತದೆ. ಹೃದಯಕ್ಕೂ ಹಾನಿಯ ಸಂಭವವುಂಟು. ಕೆಲವು ರೋಗಗಳಲ್ಲಿ ಈ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುವುದು ನಿಜ. ಆದರೆ ಬಹಳಷ್ಟು ಸ್ತ್ರೀಯರಿಗೆ ಕಬ್ಬಿಣಾಂಶದ ಗುಳಿಗೆ, ಸ್ರಾವ ತಗ್ಗಿಸುವ ಔಷಧಿ, ಪ್ರೊಜೆಸ್ಟರಾನ್ ಗುಳಿಗೆ ಅಥವಾ ಅದನ್ನು ಗರ್ಭಕೋಶದಲ್ಲಿಯೇ ಅಲ್ಪಾಲ್ಪವಾಗಿ ಬಿಡುವ ಸಾಧನ, ಇವುಗಳಲ್ಲಿ ಒಂದು ಸಾಕಾಗುತ್ತದೆ. ಶಸ್ತ್ರಕ್ಕೆ ಮುನ್ನ ಕಾರಣ ತಿಳಿಯಬೇಕು. ಕಾರಣ ತಿಳಿಯಲು ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಒಳಪದರದ ಚೂರನ್ನು ತೆಗೆದು ಪರೀಕ್ಷಿಸುವುದು, ಇಷ್ಟು ನಡೆಯಬೇಕು. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ರೋಗಿಯ ಹಕ್ಕು.

ರಸದೂತಗಳ ಚಿಕಿತ್ಸೆಯ ಇತಿಹಾಸವೂ ಇದೇ ಪಾಠವನ್ನು ಕಲಿಸುತ್ತದೆ. ೧೯೪೨ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈಸ್ಟ್ರೋಜನ್ ಗುಳಿಗೆಯನ್ನು ನಿತ್ಯಯೌವನದ ಮದ್ದೆಂಬಂತೆ ಕೊಂಡಾಡಲಾಯಿತು. ಅದನ್ನು ಒಂಟಿಯಾಗಿ ಸೇವಿಸಿದರೆ ಗರ್ಭಕೋಶದ ಕ್ಯಾನ್ಸರ್ ಹೆಚ್ಚುವುದೆಂದು ೧೯೭೫ರಲ್ಲಿ ತಿಳಿದುಬಂತು. ೨೦೦೨ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಪ್ರೊಜೆಸ್ಟರಾನ್ ಮಾದರಿಯ ಔಷಧಿ ಸೇರಿಸಿ ಕೊಟ್ಟಾಗಲೂ ಸ್ತನದ ಕ್ಯಾನ್ಸರ್ ಹಾಗೂ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚುವುದನ್ನು ತೋರಿಸಿತು. ಆಗ ಎಲ್ಲರೂ ಒಮ್ಮೆಲೇ ಭಯಗೊಂಡು ಬಿಟ್ಟರು. ಅರವತ್ತು ದಾಟದ, ಬಾಧೆ ತೀವ್ರವಾಗಿರುವ ಸ್ತ್ರೀಯರಿಗೆ ತಜ್ಞರ ಮೇಲ್ವಿಚಾರಣೆಯಲ್ಲಿ ಅದು ಉಪಯುಕ್ತವೆಂಬುದು ಇಂದಿನ ಸಮತೋಲದ ಅಭಿಪ್ರಾಯ. ಎಲ್ಲರಿಗೂ ಒಂದೇ ಮದ್ದಿಲ್ಲ. ಒಬ್ಬೊಬ್ಬಳ ಬೇನೆಯನ್ನೂ ಕೇಳಿ ತಿಳಿಯಬೇಕು.

ಇಂದು ದಂಡಿನ ಪ್ರದೇಶದಲ್ಲಿಯೇ ಬೌರಿಂಗ್, ಗೋಷಾ ಆಸ್ಪತ್ರೆಗಳಿವೆ. ಪೂರ್ವಕ್ಕೆ ಬೆಳೆದ ನಗರದಲ್ಲಿ ಇಂದಿರಾನಗರದ ಸರ್ ಸಿ. ವಿ. ರಾಮನ್ ಆಸ್ಪತ್ರೆ, ಕೃಷ್ಣರಾಜಪುರದ ಸಾರ್ವಜನಿಕ ಆಸ್ಪತ್ರೆಗಳಿವೆ. ಸ್ತ್ರೀ ವೈದ್ಯರಿಗೆ ಕೊರತೆಯಿಲ್ಲ. ನೂರೈವತ್ತು ವರ್ಷಗಳ ಹಿಂದೆ ಇಲ್ಲದ ಬಾಗಿಲು ಈಗ ತೆರೆದೇ ಇದೆ. ಆದರೆ ಮನೆಯಿಂದ ಆ ಬಾಗಿಲಿನವರೆಗಿನ ದಾರಿಯನ್ನು ಯಾವ ದಾನಿಯೂ ಕಟ್ಟಿಕೊಡಲಾರನು. ಅದನ್ನು ಮನೆಯವರೇ ಕಟ್ಟಬೇಕು.

ಈ ಪತ್ರಿಕೆಯನ್ನು ಓದುವ ಪುರುಷರಲ್ಲಿ, ವಿಶೇಷವಾಗಿ ಮಠದ ನೆರಳಿನಲ್ಲಿ ಓದಿ ಬೆಳೆದು ಇಂದು ಸಂಸಾರವಂತರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ಒಂದು ವಿನಂತಿ. ತಾಯಿ, ಅಕ್ಕ, ಮಡದಿಯರ ಈ ವಯಸ್ಸಿನ ಸಂಕಟವನ್ನು ಹೆಂಗಸರ ಮಾತೆಂದು ದೂರವಿಡಬೇಡಿ. ಮನೆಯ ಹಿರಿಯ ಹೆಣ್ಣುಮಕ್ಕಳು ಹೊಲದ ಕೆಲಸ, ಮಗಳ ಮದುವೆ, ಮೊಮ್ಮಗುವಿನ ನಾಮಕರಣ ಎಂದು ತಮ್ಮ ಚಿಕಿತ್ಸೆಯನ್ನು ಮುಂದೂಡುತ್ತಲೇ ಹೋಗುತ್ತಾರೆ. ಕೇಳದ ಹೊರತು ಹೇಳುವುದಿಲ್ಲ. ತಾಯಂದಿರು ತಿಂಗಳ ದಿನಾಂಕಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಟ್ಟುಕೊಂಡರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ. ಅಕ್ಕನ ಬಳಗಗಳೂ ಮಹಿಳಾ ಸಂಘಗಳೂ ವರ್ಷಕ್ಕೊಮ್ಮೆ ಸ್ತ್ರೀ ವೈದ್ಯರನ್ನು ಕರೆಸಿ ಈ ವಿಷಯವನ್ನು ಚರ್ಚಿಸಿದರೆ ಅದೂ ಒಂದು ದಾಸೋಹವೇ. ರಜಸ್ಸಿಗೆ ಸೂತಕವಿಲ್ಲವೆಂದು ನಾವು ಒಪ್ಪಿದ್ದೇವೆ. ಸೂತಕವಿಲ್ಲದ ಮೇಲೆ ಅದನ್ನು ಕುರಿತ ಮಾತಿಗೂ ಸೂತಕ ಇರಲಾಗದು.